ಇನ್ನೂರ ಐವತ್ತಾರನೆಯ ಕಾಲಂ

ನಮ್ಮ ಸೀಮೆಯಲ್ಲಿ ‘ಜಾಗ ಇಲ್ಲ’ ಎಂಬ ಮಾತು ಚಾಲ್ತಿಯಲ್ಲಿಲ್ಲ. ಮೂಡುಬಿದಿರೆಯಿಂದ ಶಿರ್ತಾಡಿ ದಾಟಿ ನಾರಾವಿಗೆ ಹೋಗುವ ಬಸ್ಸಿನಲ್ಲಿ ಕಾಲೂರಲು ಎಡೆಯಿಲ್ಲದಾಗಲೂ ಕಂಡಕ್ಟರ್ ‘ದುಂಬು ಪೋಲೆ, ದುಂಬು ಪೋಲೆ’ ಎನ್ನುತ್ತ ಇನ್ನೂ ನಾಲ್ಕು ಜನರನ್ನು ಒಳಗೆ ಸೇರಿಸುತ್ತಾನೆ. ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಸಂಚಾಲಕರು, ಸಹಸಂಚಾಲಕರು, ಗೌರವ ಸಲಹೆಗಾರರು ಎಂದು ಪುಟದ ಮೇಲೆ ಪುಟ ತುಂಬಿ, ಕಲಶಾಭಿಷೇಕ ಎಷ್ಟು ಗಂಟೆಗೆ ಎಂದು ಹುಡುಕುವಷ್ಟರಲ್ಲಿ ಕಲಶಾಭಿಷೇಕವೇ ಮುಗಿದಿರುತ್ತದೆ. ಹೆಸರು ಬಿಟ್ಟರೆ ಮೂರು ತಲೆಮಾರಿನ ಮುನಿಸು. ಸೇರಿಸಿದರೆ ಖರ್ಚು ಒಂದು ಗೆರೆ ಶಾಯಿ. ಹಾಗಾಗಿ ಸೇರಿಸುತ್ತೇವೆ.

ಇಂಥ ಉದಾರ ನಾಡಿನಲ್ಲಿ ಯಾರ ಮುಖವನ್ನೂ ನೋಡದೆ, ಯಾರ ಶಿಫಾರಸನ್ನೂ ಕೇಳದೆ, ‘ಇನ್ನಾಗುವುದಿಲ್ಲ’ ಎಂದು ಕಡ್ಡಿ ಮುರಿದಂತೆ ಹೇಳುವ ಪ್ರಾಣಿ ಒಂದೇ ಒಂದು. ಅದು ಸಹಕಾರ ಸಂಘದ ಮೂಲೆಯ ಕಂಪ್ಯೂಟರಿನಲ್ಲಿರುವ ಡೇಟಾಬೇಸು. ಅದರ ಶಾಸನ ಎರಡೇ ಪದದ್ದು: ಫೀಲ್ಡುಗಳು ಹೆಚ್ಚಾದವು. ಮೈಕ್ರೋಸಾಫ್ಟ್ ಆಕ್ಸೆಸ್ಸಿನಲ್ಲಿ ಒಂದು ಟೇಬಲ್ಲಿಗೆ 255 ಫೀಲ್ಡು, ಅಂದರೆ ಗುಮಾಸ್ತರ ಮಾತಿನಲ್ಲಿ 255 ಕಾಲಂ. ಅಲ್ಲಿಗೆ ಬಸ್ಸು ಭರ್ತಿ.

ಶಿರ್ತಾಡಿಯ ಆಸುಪಾಸಿನಲ್ಲಿ ಒಂದು ಸಂಘ ಇದೆ ಎಂದಿಟ್ಟುಕೊಳ್ಳಿ. ನಿಜವಾದ ಯಾವ ಸಂಘವೂ ಅಲ್ಲ. ಓದುತ್ತ ಹೋದಂತೆ ಇದು ನಿಮ್ಮ ಸಂಘವೇ ಎಂದು ಅನಿಸಿದರೆ ಅದಕ್ಕೆ ನಾನು ಜವಾಬ್ದಾರನಲ್ಲ, ನಿಮ್ಮ ಕಾರ್ಯದರ್ಶಿಗಳು ಜವಾಬ್ದಾರರು. ಆ ಸಂಘದ ಸದಸ್ಯರ ಟೇಬಲ್ ಹುಟ್ಟಿದಾಗ ತೆಳ್ಳಗೆ ಚಂದ ಇತ್ತು. ಸದಸ್ಯ ಸಂಖ್ಯೆ, ಹೆಸರು, ತಂದೆಯ ಅಥವಾ ಗಂಡನ ಹೆಸರು, ವಿಳಾಸ, ಪಾಲು ಬಂಡವಾಳ, ಸೇರಿದ ತಾರೀಕು. ಹೊಸ ಮದುಮಗಳ ಹಾಗೆ ಹಗುರ. ಆಮೇಲೆ ಆಡಳಿತ ಮಂಡಳಿಯ ಕಣ್ಣು ಅದರ ಮೇಲೆ ಬಿತ್ತು.

ಮೊದಲು ಕೆಟ್ಟದ್ದು ವಿಳಾಸ. ನಮ್ಮಲ್ಲಿ ವಿಳಾಸವೆಂದರೆ ಮನೆ ನಂಬರು, ರಸ್ತೆ, ಊರು ಅಲ್ಲ. ಮನೆತನದ ಹೆಸರು, ಜಾಗದ ಹೆಸರು, ಅದು ದರ್ಖಾಸು ಮನೆಯೋ ಹೊಸಮನೆಯೋ ಗುತ್ತಿನ ಮನೆಯೋ, ಯಾವ ಗ್ರಾಮ, ಯಾವ ಅಂಚೆ, ವಯಾ ಯಾವುದು. ‘ವಯಾ’ಗೆ ಒಂದು ಕಾಲಂ ಕೊಟ್ಟ ಏಕೈಕ ಡೇಟಾಬೇಸು ಜಗತ್ತಿನಲ್ಲಿ ನಮ್ಮದೇ ಇರಬೇಕು. ಅದರ ಹಿಂದೆಯೇ ತಾಲೂಕು ಬಂತು. 1997ರಲ್ಲಿ ಉಡುಪಿ ಜಿಲ್ಲೆ ಬೇರೆಯಾಗುವ ತನಕ ಮೂಡುಬಿದಿರೆ ಕಾರ್ಕಳ ತಾಲೂಕಿನದು. ಆಮೇಲೆ ಅದು ಮಂಗಳೂರು ತಾಲೂಕಿಗೆ ಬಂತು. ಈಗ ಮೂಡುಬಿದಿರೆಯೇ ತಾಲೂಕು. ಮನೆ ಕದಲಲಿಲ್ಲ, ತೋಟ ಕದಲಲಿಲ್ಲ, ಅಂಗಳದ ತುಳಸಿಕಟ್ಟೆಯೂ ಕದಲಲಿಲ್ಲ. ಕದಲಿದ್ದು ಟೇಬಲ್ ಒಂದೇ: ‘ತಾಲೂಕು’, ‘ತಾಲೂಕು ಹೊಸ’, ‘ತಾಲೂಕು ಹೊಸ ಸರಿ’. ಹಳೆಯದನ್ನು ಅಳಿಸಿ ಹೊಸದನ್ನು ಬರೆಯಬಹುದಿತ್ತಲ್ಲ ಎಂದು ಕೇಳಬೇಡಿ. ಹಳೆಯ ದಾಖಲೆಯನ್ನು ಯಾರಾದರೂ ಕೇಳಿದರೆ? ಯಾರೂ ಕೇಳಿದ್ದಿಲ್ಲ, ಆದರೆ ಕೇಳಿದರೆ?

ಸರ್ಕಾರವೂ ಸುಮ್ಮನಿರಲಿಲ್ಲ. 2003ರಲ್ಲಿ ಸಹಕಾರಿ ರೈತರಿಗೆ ಯಶಸ್ವಿನಿ ಯೋಜನೆ ಬಂತು, ಒಂದು ಕಾಲಂ. 2018ರಲ್ಲಿ ಅದು ನಿಂತಿತು, ನಿಂತಿದೆ ಎಂದು ಬರೆಯಲು ಇನ್ನೊಂದು ಕಾಲಂ. ಮತ್ತೆ ಶುರುವಾಯಿತು, ಮತ್ತೊಂದು. 2017ರಲ್ಲಿ ಸಹಕಾರಿ ಬೆಳೆಸಾಲದಲ್ಲಿ 50,000 ರೂಪಾಯಿ ತನಕ ಮನ್ನಾ, 2018ರಲ್ಲಿ ಇನ್ನೊಂದು ಸರ್ಕಾರ, ಇನ್ನೊಂದು ಮನ್ನಾ. ಮುಖ್ಯಮಂತ್ರಿಗಳು ಬದಲಾದಾಗಲೆಲ್ಲ ನಮ್ಮ ಟೇಬಲ್ಲಿನ ಸೊಂಟ ಒಂದಿಂಚು ದಪ್ಪ. ಆಧಾರ್, ಪಾನ್, ಪಡಿತರ ಚೀಟಿ, ರೈತರ ನೋಂದಣಿಯ ಫ್ರೂಟ್ಸ್ ಐಡಿ, ಮೊಬೈಲ್, ಮಗನ ಮೊಬೈಲ್, ದುಬೈಯಲ್ಲಿರುವ ಮಗನ ವಾಟ್ಸಪ್ ನಂಬರು. ಪ್ರತಿ ಸಲವೂ ಮಂಡಳಿಯ ತೀರ್ಮಾನ ಒಂದೇ: ‘ಒಂದು ಕಾಲಂ ಅಲ್ವಾ ಮಾರಾಯ್ರೆ, ಅದಕ್ಕೆಂತ ಖರ್ಚುಂಟಾ? ಹಾಕಿ ಬಿಡಿ.’

ಆದರೆ ಟೇಬಲ್ಲಿನ ಬೆನ್ನು ಮುರಿದದ್ದು ಸರ್ಕಾರವಲ್ಲ, ಮಹಾಸಭೆ. ಪ್ರತಿ ವರ್ಷ ಡಿವಿಡೆಂಡ್ ಕೊಡಬೇಕು, ಅದಕ್ಕೆ ಆ ವರ್ಷದ ಹೆಸರಿನ ಕಾಲಂ. ಸಭೆಗೆ ಬಂದರೇ, ಅದಕ್ಕೊಂದು. ಸಭೆಗೆ ಬಂದವರಿಗೆ ಉಡುಗೊರೆ ಸಿಕ್ಕಿತೇ, ಅದಕ್ಕೊಂದು. ಉಡುಗೊರೆಯೂ ವರ್ಷಕ್ಕೊಂದು ಬಗೆ. ‘ಕೊಡೆ ಕೊಟ್ಟಿದೆಯೇ’, ‘ಸ್ಟೀಲ್ ಚೆಂಬು ಕೊಟ್ಟಿದೆಯೇ’, ‘ಕೊಡೆ ಬದಲಿಗೆ ಚೆಂಬು ಕೇಳಿದ್ದಾರೆಯೇ’. ಇತಿಹಾಸಕಾರರು ಮುಂದೊಂದು ದಿನ ಈ ಟೇಬಲ್ ಅಗೆದರೆ ತುಳುನಾಡಿನ ಪಾತ್ರೆ ಪರಂಪರೆಯ ಬಗ್ಗೆ ಒಂದು ಪಿಎಚ್‌ಡಿ ಗ್ಯಾರಂಟಿ.

ಹೀಗೆ ಒಂದು ದಿನ, ಅಧ್ಯಕ್ಷರ ಹೊಸ ಯೋಚನೆಗೆ ಗುಮಾಸ್ತೆ ಕಾಲಂ ಸೇರಿಸಲು ಹೋದಾಗ, ಯಂತ್ರ ತನ್ನ ಎರಡು ಪದ ನುಡಿಯಿತು. ಸಂಘದ ಇತಿಹಾಸದಲ್ಲೇ ಮೊದಲ ಬಾರಿಗೆ ಅಧ್ಯಕ್ಷರ ಸೂಚನೆಗೆ ಒಬ್ಬರು ಅನುಮೋದನೆ ನಿರಾಕರಿಸಿದ್ದರು.

ಇಲ್ಲಿಂದ ದುರಸ್ತಿ ಪರ್ವ. ಮೂಡುಬಿದಿರೆಯಿಂದ ಕಂಪ್ಯೂಟರಿನ ಹುಡುಗ ಬಂದ. ‘ಹತ್ತು ಕಾಲಂ ತೆಗೆಯುವ, ಜಾಗ ಆಗ್ತದೆ’ ಎಂದ. ಯಾವುದನ್ನು ತೆಗೆಯುವುದು? ‘ಫ್ಯಾಕ್ಸ್ ಸಂಖ್ಯೆ’ ಎಂಬ ಕಾಲಂ ಉಂಟು, ಒಬ್ಬ ಸದಸ್ಯನಿಗೂ ಫ್ಯಾಕ್ಸ್ ಇಲ್ಲ. ಆದರೆ ಅದನ್ನು ಹಾಕಿಸಿದವರು ಮಾಜಿ ಅಧ್ಯಕ್ಷರು, ಈಗ ಗೌರವ ಸಲಹೆಗಾರರು, ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಹಾಗಾಗಿ ಫ್ಯಾಕ್ಸ್ ಉಳಿಯಿತು. ಕೊನೆಗೆ ವಾರಸುದಾರರಿಲ್ಲದ ಹತ್ತು ಕಾಲಂಗಳನ್ನು ಹುಡುಕಿ ತೆಗೆದರು. ಹೊಸದನ್ನು ಸೇರಿಸಿದರು. ಮತ್ತೆ ಅದೇ ಉತ್ತರ: ಫೀಲ್ಡುಗಳು ಹೆಚ್ಚಾದವು.

ಹುಡುಗ ಬೆವರಿದ. ಎಣಿಸಿದರೆ ಕಣ್ಣಿಗೆ 245 ಕಾಣುತ್ತಿತ್ತು. ಆದರೆ ಆಕ್ಸೆಸ್ ಎಣಿಸುವುದು ಕಣ್ಣಿಗೆ ಕಂಡದ್ದನ್ನಲ್ಲ. ಅಳಿಸಿದ ಕಾಲಂ ತನ್ನ ಕ್ರಮಸಂಖ್ಯೆ ಬಿಟ್ಟುಕೊಡುವುದಿಲ್ಲ. ಅದು ಪರದೆಯಿಂದ ಹೋದರೂ ಒಳಗಿನ ಎಣಿಕೆಯಲ್ಲಿ ಕೂತೇ ಇರುತ್ತದೆ. ಇನ್ನೂ ಸೊಗಸೆಂದರೆ, ಇರುವ ಕಾಲಮಿನ ಬಗೆ ಅಥವಾ ಅಳತೆ ಬದಲಿಸಿದರೂ ಒಳಗೊಂದು ಹೊಸ ಸಂಖ್ಯೆ ಖರ್ಚಾಗುತ್ತದೆ. ಫೋನ್ ನಂಬರನ್ನು ‘ಸಂಖ್ಯೆ’ ಎಂದಿಟ್ಟು, ಮೊದಲ ಸೊನ್ನೆ ಹಾರಿಹೋಯಿತೆಂದು ‘ಪಠ್ಯ’ ಮಾಡಿ, ಅಳತೆ ಸಾಲದೆಂದು ಇನ್ನೊಮ್ಮೆ ಹಿಗ್ಗಿಸಿದರೆ, ಕಣ್ಣಿಗೆ ಒಂದೇ ಕಾಲಂ, ಎಣಿಕೆಗೆ ಮೂರು. ಇದು ಯಂತ್ರದ ದೋಷ ಎನ್ನುವವರು ನಮ್ಮ ಸಂಘಗಳ ಮತದಾರರ ಪಟ್ಟಿಯನ್ನು ಒಮ್ಮೆ ನೋಡಬೇಕು. ಅಲ್ಲಿಯೂ ತೀರಿಕೊಂಡವರು ಪಟ್ಟಿ ಬಿಟ್ಟು ಹೋಗುವುದಿಲ್ಲ. ಅವರ ಬೊಜ್ಜದ ಊಟ ಉಂಡವರೇ ಅವರ ಹೆಸರಿನ ಮುಂದೆ ಗುರುತು ಹಾಕುತ್ತಾರೆ. ಕಂಪ್ಯೂಟರು ಈ ಪಾಠವನ್ನು ನಮ್ಮಿಂದಲೇ ಕಲಿತಿರಬೇಕು.

ಇದಕ್ಕೆ ಮದ್ದು ಇದೆ, ಹೆಸರು ‘ಕಾಂಪ್ಯಾಕ್ಟ್ ಆಂಡ್ ರಿಪೇರ್’. ಫೈಲಿನ ಪ್ರತಿ ತೆಗೆದಿಟ್ಟುಕೊಂಡು ಅದನ್ನು ನಡೆಸಿದರೆ ಸತ್ತ ಕಾಲಂಗಳಿಗೆ ಸದ್ಗತಿ ಸಿಗುತ್ತದೆ, ಎಣಿಕೆ ಸರಿಯಾಗುತ್ತದೆ. ಅದಕ್ಕೂ ಜಗ್ಗದಿದ್ದರೆ ಬೇಕಾದ ಕಾಲಂಗಳನ್ನಷ್ಟೇ ಇಟ್ಟು ಹೊಸ ಟೇಬಲ್ ಕಟ್ಟಿ, ಹಳೆಯದರ ಸಾಲುಗಳನ್ನು ಅದಕ್ಕೆ ಸುರಿಯಬೇಕು. ಆದರೆ ಕಾಂಪ್ಯಾಕ್ಟಿಗೆ ಒಂದು ಷರತ್ತು ಉಂಟು: ಆ ಹೊತ್ತಿಗೆ ಫೈಲನ್ನು ಬೇರೆ ಯಾರೂ ತೆರೆದಿರಬಾರದು, ಎಲ್ಲರೂ ಹೊರಗೆ ಬರಬೇಕು. ಸದ್ಗತಿ ತಡವಾದದ್ದು ಇಲ್ಲಿಯೇ. ಕಾರ್ಯದರ್ಶಿಗಳ ಕೋಣೆಯಲ್ಲಿ ಫೈಲು ತೆರೆದೇ ಇತ್ತು, ಅವರು ಕೋಣೆಗೆ ಬೀಗ ಹಾಕಿ ಮದುವೆಗೆ ಹೋಗಿದ್ದರು. ಹೊರಗೆ ಬನ್ನಿ ಎಂದರೆ ಬರುವ ಪದ್ಧತಿ ನಮ್ಮ ಸಂಘಗಳಲ್ಲಿ ಯಾವ ಕುರ್ಚಿಗೂ ಇಲ್ಲ.

ಮಿತಿ ಯಾಕೆ 255ಕ್ಕೇ ನಿಲ್ಲುತ್ತದೆ ಎಂದು ಒಬ್ಬ ನಿರ್ದೇಶಕರು ಕೇಳಿದರು. 250 ಆಗಿದ್ದರೆ ಲೆಕ್ಕಕ್ಕೆ ಸುಲಭ, 256 ಆಗಿದ್ದರೆ ಅವರ ಕಾಲಂ ಬರುತ್ತಿತ್ತು. ಎಂಟು ಬಿಟ್ಟಿನ ಒಂದು ಬೈಟಿನಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 255. ಮೆಮೊರಿ ಅಗ್ಗವಲ್ಲದ ಕಾಲದ ಜಿಪುಣತನವದು. ನಿರ್ದೇಶಕರಿಗೆ ಸಮಾಧಾನವಾಗಲಿಲ್ಲ. ‘ಮೇಲಿನವರಿಗೆ ಒಂದು ಮನವಿ ಕೊಟ್ಟರೆ ಹೇಗೆ?’ ಎಂದರು.

ಅವರು ಹಳೆಯ ಕಾಲ ಕಂಡಿಲ್ಲ. ಆಗಿನ ಡೇಟಾಬೇಸ್ ತಂತ್ರಾಂಶ ಡಿಬೇಸ್ 2ರಲ್ಲಿ ಒಂದು ದಾಖಲೆಗೆ 32 ಫೀಲ್ಡು, ಡಿಬೇಸ್ 3 ಪ್ಲಸ್‌ನಲ್ಲಿ 128. ಫಾಕ್ಸ್‌ಪ್ರೊ 255ಕ್ಕೆ ಬಂತು, ಆದರೆ ವಿಷುವಲ್ ಫಾಕ್ಸ್‌ಪ್ರೊದಲ್ಲಿ ಯಾವುದಾದರೂ ಒಂದು ಫೀಲ್ಡಿಗೆ ‘ನಲ್’ ಬಿಡಲು ಅನುಮತಿ ಕೊಟ್ಟರೂ ಮಿತಿ 254ಕ್ಕೆ ಇಳಿಯುತ್ತದೆ. ಅಂದರೆ ‘ಗೊತ್ತಿಲ್ಲ’ ಎನ್ನುವವನಿಗೂ ಒಂದು ಸೀಟು. ನಮ್ಮ ಮಂಡಳಿಗಳ ರಚನೆಗೆ ಇಷ್ಟು ಹತ್ತಿರ ಬಂದ ತಂತ್ರಾಂಶ ಬೇರೆ ಇಲ್ಲ. ಡಿಬೇಸಿನ ಕಾಲದಲ್ಲಿ ಫೀಲ್ಡಿನ ಹೆಸರೂ ಹತ್ತು ಅಕ್ಷರ ಮೀರುವಂತಿರಲಿಲ್ಲ. ‘ಸದಸ್ಯರ ವಿಳಾಸ’ವನ್ನು ಇಂಗ್ಲಿಷಿನಲ್ಲಿ ಸ್ವರ ಕಿತ್ತು, ‘ಎಸ್‌ಡಿಎಸ್‌ವಿಎಲ್‌ಎಸ್’ ಎಂದು ಹಿಂಡಿ ಇಡುತ್ತಿದ್ದರು. ಬರೆದವನಿಗೆ ಆರು ತಿಂಗಳು ಅರ್ಥ ಗೊತ್ತಿರುತ್ತಿತ್ತು, ಆಮೇಲೆ ಪ್ರಶ್ನೆ ಇಡಬೇಕಿತ್ತು. ಟೇಬಲ್ಲಿನ ರಚನೆ ಬದಲಿಸುವಾಗ ಫೀಲ್ಡಿನ ಹೆಸರನ್ನೂ ಅಗಲವನ್ನೂ ಒಂದೇ ಏಟಿಗೆ ಬದಲಿಸಿದರೆ ಒಳಗಿದ್ದ ಮಾಹಿತಿ ಮಾಯ. ಹಳೆಯ ಗುಮಾಸ್ತರು ಇದನ್ನು ಬಲ್ಲವರು. ಮೊದಲು ಹೆಸರು, ಉಳಿಸಿ. ಆಮೇಲೆ ಅಗಲ, ಉಳಿಸಿ. ಎರಡನ್ನೂ ಒಟ್ಟಿಗೆ ಮಾಡುವ ಅವಸರದವರಿಗೆ ಸಾಲಗಾರರ ಬಾಕಿಯೆಲ್ಲ ಸೊನ್ನೆಯಾಗಿ, ಆ ವರ್ಷ ಸಂಘ ಜನಪ್ರಿಯವಾಗುತ್ತಿತ್ತು.

ಕನ್ನಡಕ್ಕೆ ಬಂದರೆ ಮಿತಿಯ ಬಿಸಿ ಇನ್ನೂ ಜೋರು. ‘ಶಿರ್ತಾಡಿ’ ಎಂದರೆ ನಮ್ಮ ಬಾಯಿಗೆ ಮೂರಕ್ಷರ. ಯೂನಿಕೋಡ್ ಅದನ್ನು ವ್ಯಂಜನ, ಸ್ವರಚಿಹ್ನೆ, ಹಲಂತ ಎಂದು ಬಿಡಿಸಿ ಎಂಟು ಸಂಕೇತ ಮಾಡುತ್ತದೆ. ಯುಟಿಎಫ್-8ರಲ್ಲಿ ಇಟ್ಟರೆ ಒಂದೊಂದಕ್ಕೆ ಮೂರು ಬೈಟು, ಒಟ್ಟು 24. ಅದಕ್ಕೂ ಹಿಂದೆ, ನುಡಿ ಅಕ್ಷರವಿನ್ಯಾಸದಲ್ಲಿ ಬರೆದು ಡಿಬೇಸಿಗೆ ತುಂಬಿದ ಕಾಲದಲ್ಲಿ, 30 ಜಾಗದ ಹೆಸರಿನ ಫೀಲ್ಡಿಗೆ ನಮ್ಮ ಲಕ್ಷ್ಮೀನಾರಾಯಣರು ಮನೆಹೆಸರಿನ ಸಮೇತ ಹಿಡಿಸುತ್ತಿರಲಿಲ್ಲ. ಕತ್ತರಿ ಎಲ್ಲಿ ಬೀಳುತ್ತದೆಂದು ಹೇಳುವಂತಿರಲಿಲ್ಲ. ಒಬ್ಬರ ಒತ್ತು ಹೋಯಿತು, ಒಬ್ಬರ ದೀರ್ಘ ಹೋಯಿತು. ಹೆಸರು ಪೂರ್ತಿ ಉಳಿದವರ ಸಾಲ ಮಾತ್ರ ಪೂರ್ತಿ ವಸೂಲಾಯಿತು.

ಇಷ್ಟಾದ ಮೇಲೂ 255ರೊಳಗೆ ಬಂದೆವೆಂದು ಬೀಗುವ ಹಾಗಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಆಕ್ಸೆಸ್ಸಿನಲ್ಲಿ ಉದ್ದದ ಪಠ್ಯ ಬಿಟ್ಟು ಒಂದು ಸಾಲಿನಲ್ಲಿ ಒಟ್ಟು 4,000 ಅಕ್ಷರ. ಟೇಬಲ್ಲಿಗೆ 32 ಸೂಚಿ (ಇಂಡೆಕ್ಸ್), ಅದರಲ್ಲೂ ಬೇರೆ ಟೇಬಲ್ಲುಗಳೊಂದಿಗೆ ಬೆಸೆದ ನಂಟುಗಳು ಕೆಲವನ್ನು ತೆಪ್ಪಗೆ ನುಂಗುತ್ತವೆ. ಇಡೀ ಫೈಲು 2 ಗಿಗಾಬೈಟು ದಾಟುವಂತಿಲ್ಲ. ಇವೆಲ್ಲ ಒಂದೊಂದಾಗಿ ಎದುರಾದಾಗ ಮಂಡಳಿ ಒಂದೊಂದಕ್ಕೂ ಉಪಸಮಿತಿ ನೇಮಿಸಿತು, ಉಪಸಮಿತಿಯ ಸದಸ್ಯರ ಭತ್ಯೆ ಬರೆಯಲು ಕಾಲಂ ಕೇಳಿತು.

ಆಗ ಅಧ್ಯಕ್ಷರ ಅಳಿಯನಿಗೆ ಜ್ಞಾನೋದಯವಾಯಿತು. ಬೆಂಗಳೂರಿನ ಐಟಿಯವನು. ‘ಮಾವ, ಎಕ್ಸೆಲ್‌ಗೆ ಹಾಕಿ. ಅದರಲ್ಲಿ 16,384 ಕಾಲಂ ಉಂಟು.’ ಸಭೆಯಲ್ಲಿ ಚಪ್ಪಾಳೆ. 255ಕ್ಕೆ ಉಸಿರುಗಟ್ಟಿದ್ದವರಿಗೆ 16,384 ಎಂದರೆ ಇನ್ನು ಹಲವು ತಲೆಮಾರಿನ ಚೆಂಬುಗಳಿಗೆ ಜಾಗ. ಎಕ್ಸೆಲ್ಲಿಗೂ ಮಿತಿಯುಂಟು ಎಂದು ಹೇಳಲು ಹೋದವನನ್ನು ಕೂರಿಸಿದರು. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ ಕೋವಿಡ್ ಫಲಿತಾಂಶಗಳನ್ನು 65,536 ಸಾಲಿನ ಮಿತಿಯಿರುವ ಹಳೆಯ ಎಕ್ಸೆಲ್ ಮಾದರಿಯ ಫೈಲಿಗೆ ತುಂಬಿತು. ಮೇಲೆ ಬಂದ ಸಾಲುಗಳು ಒಳಗೆ ಹೋಗಲಿಲ್ಲ, ಹೊರಗೆ ಕೂಗಲೂ ಇಲ್ಲ. ಸೋಂಕು ತಗಲಿದ 15,841 ಮಂದಿ ಕೆಲವು ದಿನ ಸರ್ಕಾರದ ಲೆಕ್ಕದಲ್ಲಿ ಆರೋಗ್ಯವಂತರಾಗಿದ್ದರು. ಆಕ್ಸೆಸ್ ಕನಿಷ್ಠ ಬಾಯಿಬಿಟ್ಟು ಇಲ್ಲ ಎನ್ನುತ್ತದೆ. ಮುಖಕ್ಕೆ ಇಲ್ಲ ಎನ್ನುವವನು ಒರಟ. ಹೂಂ ಎಂದು ಹೇಳಿ ಮಾಡದೆ ಇರುವವನು ಅಪಾಯಕಾರಿ, ಸಾಮಾನ್ಯವಾಗಿ ಅವನೇ ಮುಂದಿನ ಚುನಾವಣೆ ಗೆಲ್ಲುವುದು.

ಈ ಗಲಾಟೆಯಲ್ಲಿ ಎಲ್ಲರೂ ಮರೆತ ವಿಷಯ ಒಂದಿದೆ: ಈ ರೋಗಕ್ಕೆ ಮದ್ದು ಕಂಪ್ಯೂಟರು ಹುಟ್ಟುವ ಮೊದಲೇ ಶಾನುಭೋಗರಿಗೆ ಗೊತ್ತಿತ್ತು. ಪಹಣಿ ತೆಗೆದು ನೋಡಿ. ಒಂಬತ್ತನೇ ಕಾಲಮಿನಲ್ಲಿ ಮಾಲೀಕ, ಹನ್ನೊಂದರಲ್ಲಿ ಇತರರ ಹಕ್ಕು ಮತ್ತು ಋಣ. ಯಜಮಾನ ತೀರಿಕೊಂಡು ಏಳು ಮಕ್ಕಳ ಹೆಸರು ಏರಿದಾಗ ‘ಮಗ 1’, ‘ಮಗ 2’ ಎಂದು ಕಾಲಂ ಬೆಳೆಯಲಿಲ್ಲ. ಒಂಬತ್ತರಲ್ಲೇ ಏಳು ಸಾಲು ಇಳಿಯಿತು. ಅಳಿಯಕಟ್ಟಿನ ಕೂಡುಕುಟುಂಬದ ಆಸ್ತಿಗೆ ಎಷ್ಟು ಹೆಸರು ಬಂದರೂ ಪಹಣಿ ಅಡ್ಡಕ್ಕೆ ಹಿಗ್ಗಲಿಲ್ಲ, ಕೆಳಕ್ಕೆ ಇಳಿಯಿತು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಮೊದಲ ಸಹಕಾರ ಸಂಘಕ್ಕೂ, ನಮ್ಮ ಜಿಲ್ಲೆಯಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಿಂದ ಹಬ್ಬಿಸಿದ ಸಂಘಗಳಿಗೂ ಕಂಪ್ಯೂಟರಿನ ಹಂಗಿರಲಿಲ್ಲ. ಕೈಬರಹದ ಖಾತೆ ಪುಸ್ತಕದಲ್ಲಿ ಹೊಸ ವರ್ಷ ಬಂದರೆ ಹೊಸ ಸಾಲು. ಪುಟ ಮುಗಿದರೆ ಮುಂದಿನ ಪುಟ. ಪುಸ್ತಕ ಮುಗಿದರೆ ಹೊಸ ಪುಸ್ತಕ. ಪುಸ್ತಕದ ಬದಿಗೆ ಕಾಗದ ಅಂಟಿಸಿ ಅಗಲ ಮಾಡುವ ಬುದ್ಧಿ ಯಾವ ಲೆಕ್ಕಿಗನಿಗೂ ಬಂದಿರಲಿಲ್ಲ.

ಕಂಪ್ಯೂಟರಿನ ಭಾಷೆಯಲ್ಲೂ ಅಷ್ಟೇ. ಸದಸ್ಯರಿಗೊಂದು ಟೇಬಲ್. ಡಿವಿಡೆಂಡಿಗೆ ಇನ್ನೊಂದು: ಸದಸ್ಯ ಸಂಖ್ಯೆ, ವರ್ಷ, ಮೊತ್ತ, ಮುಗಿಯಿತು. ಮಹಾಸಭೆಯ ಹಾಜರಾತಿಗೆ ಒಂದು, ಸಾಲಕ್ಕೆ ಒಂದು, ಉಡುಗೊರೆಗೆ ಬೇಕಾದರೆ ಒಂದು. ಎಲ್ಲವನ್ನೂ ಸದಸ್ಯ ಸಂಖ್ಯೆ ಬೆಸೆಯುತ್ತದೆ. ನೂರು ವರ್ಷ ಡಿವಿಡೆಂಡ್ ಕೊಟ್ಟರೂ ಕಾಲಂ ಮೂರೇ. ಸದಸ್ಯರ ಟೇಬಲ್ ಮತ್ತೆ ಮೂವತ್ತರ ಒಳಗೆ ಬಂದು ಉಸಿರಾಡುತ್ತದೆ.

ಹುಡುಗ ಇದನ್ನೇ ವಿವರಿಸಿದ. ಮಂಡಳಿ ಗಂಭೀರವಾಗಿ ಕೇಳಿತು. ‘ಅಂದರೆ ನನ್ನ ಅವಧಿಯ ಡಿವಿಡೆಂಡಿಗೆ ಪ್ರತ್ಯೇಕ ಕಾಲಂ ಇರುವುದಿಲ್ಲವೋ?’ ಎಂದರು ಅಧ್ಯಕ್ಷರು. ‘ಇರುವುದಿಲ್ಲ ಸಾರ್, ಎಲ್ಲ ವರ್ಷವೂ ಒಂದರ ಕೆಳಗೆ ಒಂದು.’ ‘ಹಿಂದಿನ ಅಧ್ಯಕ್ಷರದ್ದರ ಕೆಳಗೆ ನನ್ನದು?’ ‘ಹೌದು.’ ಪ್ರಸ್ತಾಪ ಬಿದ್ದುಹೋಯಿತು.

ರಾಜಿ ಸೂತ್ರವಾಗಿ ಮಂಡಳಿ ಕಂಡುಕೊಂಡದ್ದು ‘ಷರಾ’. ಸರ್ಕಾರಿ ಕನ್ನಡದಲ್ಲಿ ಎಲ್ಲ ನಮೂನೆಯ ಕೊನೆಗೆ ಬರುವ ಕಾಲಂ ಅದು. ಇನ್ನು ಮುಂದೆ ಹೊಸದೇನಿದ್ದರೂ ಷರಾದಲ್ಲಿ ಬರೆಯಿರಿ ಎಂದು ನಿರ್ಣಯವಾಯಿತು. ಈಗ ಅಲ್ಲಿ ‘ಚೆಂಬು ಪಡೆದಿದ್ದಾರೆ, ಸಾಲ ಬಾಕಿ, ಅಣ್ಣನೊಂದಿಗೆ ಮಾತಿಲ್ಲ, ಮರಣ ಹೊಂದಿದ್ದಾರೆ, ಮಗನ ಹೆಸರಿಗೆ ಆಗಿಲ್ಲ, ಅಧ್ಯಕ್ಷರಿಗೆ ಗೊತ್ತಿದೆ’ ಎಂದು ಒಬ್ಬರ ಇಡೀ ಜೀವನಚರಿತ್ರೆ ಒಂದೇ ಉಸಿರಿಗೆ ಬರೆದಿದೆ. ಯಾರ ಸಾಲ ಬಾಕಿ ಎಂದು ಹುಡುಕಲು ಕಂಪ್ಯೂಟರಿಗೆ ಆಗುವುದಿಲ್ಲ, ಕೂತು ಓದಬೇಕು. ಅದಕ್ಕೂ ಪಠ್ಯದ ಮಿತಿ 255 ಅಕ್ಷರ. ‘ಅಧ್ಯಕ್ಷರಿಗೆ ಗೊತ್ತಿ’ ಎಂಬಲ್ಲಿಗೆ ಕೆಲವರ ಚರಿತ್ರೆ ನಿಂತಿದೆ.

2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಹೊಸ ತಂತ್ರಾಂಶದಲ್ಲಿ ಟೇಬಲ್ಲುಗಳು ಸರಿಯಾಗಿಯೇ ಇರುತ್ತವೆ. ಆದರೆ ಹಳೆಯ ಮಾಹಿತಿಯನ್ನು ಅಲ್ಲಿಗೆ ಸಾಗಿಸುವಾಗ ಮೂರು ತಾಲೂಕುಗಳಲ್ಲಿ ಯಾವುದು ಸರಿ, ಷರಾದೊಳಗಿನ ಸಾಲ ಎಷ್ಟು, ಪಟ್ಟಿಯಲ್ಲಿ ಬದುಕಿರುವವರು ಯಾರು ಎಂದು ಕೂತು ಹೇಳಬೇಕಾದವರು ದೆಹಲಿಯವರಲ್ಲ. ನಮ್ಮ ಗುಮಾಸ್ತೆ, ನಮ್ಮ ಕಾರ್ಯದರ್ಶಿ, ನಮ್ಮ ಮಂಡಳಿ.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ಒಂದು ವಿನಂತಿ. ಮುಂದಿನ ಮಹಾಸಭೆಯಲ್ಲಿ ಯಾರಾದರೂ ಎದ್ದು ‘ಒಂದು ಕಾಲಂ ಅಲ್ವಾ’ ಎಂದರೆ, ಉಡುಗೊರೆಯ ಸರದಿಯಿಂದ ಒಂದು ನಿಮಿಷ ಹೊರಬಂದು ಇಷ್ಟು ಕೇಳಿ: ಇದು ಮುಂದಿನ ವರ್ಷವೂ ಬರುತ್ತದೋ? ಬರುತ್ತದೆಂದರೆ ಅದು ಸಾಲು, ಕಾಲಂ ಅಲ್ಲ. 255 ಎಂಬುದು ಯಂತ್ರದ ಮಿತಿ. ಅದಕ್ಕಿಂತ ಬಹಳ ಮೊದಲೇ ‘ಸಾಕು’ ಎನ್ನಬೇಕಾದದ್ದು ಮಹಾಸಭೆಯ ಕೆಲಸ. ಆ ಕೆಲಸವನ್ನು ಕಂಪ್ಯೂಟರಿಗೆ ಬಿಟ್ಟ ಸಂಘಕ್ಕೆ 16,384 ಕಾಲಂ ಕೊಟ್ಟರೂ 16,385ನೆಯದಕ್ಕೆ ಅರ್ಜಿ ಸಿದ್ಧವಿರುತ್ತದೆ.